ಪರೀಕ್ಷೆಗೆ ಕೇಳಿದ ಹೂವು

ಮಗಳ ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರ, ಕೋನಮಾಪಕ, ಎರಡು ಮೋಟು ಪೆನ್ಸಿಲ್ಲುಗಳ ಜೊತೆಗೆ ಒಂದು ಒಣಗಿದ ಕಣಗಿಲೆ ಹೂವು ಇರುತ್ತಿತ್ತು. ಕಳೆದ ಕಾರ್ತೀಕ ಮಾಸದ ಒಂದು ಶುಕ್ರವಾರ ಅವಳ ಅಪ್ಪ ತಂದುಕೊಟ್ಟ ಹೂವು. ತಂದಾಗ ಕೆಂಪಗಿತ್ತು. ಈಗ ಹುಣಸೆ ಸಿಪ್ಪೆಯ ಬಣ್ಣಕ್ಕೆ ತಿರುಗಿದೆ, ಮತ್ತು ಈಗ ಅದು ನನ್ನ ಹತ್ತಿರ ಇದೆ. ಇದನ್ನು ಇಟ್ಟುಕೊಳ್ಳಬೇಕೋ ನೀರಿಗೆ ಬಿಡಬೇಕೋ ಗೊತ್ತಾಗುತ್ತಿಲ್ಲ. ನನ್ನ ಕೈಗೆ ಹೇಗೆ ಬಂತು ಎನ್ನುವುದನ್ನಾದರೂ ಬರೆದಿಡೋಣ ಎಂದು ಕೂತಿದ್ದೇನೆ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ಪತ್ರ ಬಿಟ್ಟರೆ ಬೇರೇನೂ ಬರೆದವಳಲ್ಲ.

ನನ್ನ ತವರು ನಾಗಮಂಗಲದ ಕಡೆ, ರಾಗಿ ಹುರುಳಿಯ ಊರು. ಮದುವೆಯಾಗಿ ಬಂದದ್ದು ಶ್ರೀರಂಗಪಟ್ಟಣದ ಕಡೆಗೆ, ಕಿರಂಗೂರಿಗೆ ಹತ್ತಿರದ ನಾಲೆ ನೀರಿನ ಊರಿಗೆ. ನಮ್ಮ ಮನೆಯವರದು ಒಂದಿಷ್ಟು ಕಬ್ಬು, ಒಂದಿಷ್ಟು ಭತ್ತ, ಎರಡು ಹಸು. ಅವರು ಓದಿದ್ದು ಏಳನೆಯ ತರಗತಿ. ನಮಗೆ ಇವಳೊಬ್ಬಳೇ ಮಗಳು.

ಹತ್ತನೆಯ ತರಗತಿಗೆ ಬಂದ ಮೇಲೆ ಮಗಳ ಅಂಗೈ ಬೆವರಲು ಶುರುವಾಯಿತು. ಮನೆಯಲ್ಲಿ ಯಾವ ಪ್ರಶ್ನೆ ಕೇಳಿದರೂ ಉತ್ತರ ಹೇಳುವವಳು, ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಅಂಗೈ ಒದ್ದೆ ಮಾಡಿಕೊಂಡುಬಿಡುತ್ತಿದ್ದಳು. ಪೆನ್ನು ಜಾರುತ್ತಿತ್ತು. ಬರೆದದ್ದು ಅಳಿಸಿಹೋಗುತ್ತಿತ್ತು. ಅದನ್ನೇ ಮತ್ತೆ ಬರೆಯುವುದರೊಳಗೆ ಗಂಟೆ ಹೊಡೆಯುತ್ತಿತ್ತು. ಶ್ರೀರಂಗಪಟ್ಟಣದ ಡಾಕ್ಟರಿಗೆ ತೋರಿಸಿದೆವು. ಮೈಯಲ್ಲಿ ಏನೂ ತೊಂದರೆಯಿಲ್ಲ, ಹೆದರಿಕೆ ಅಷ್ಟೇ, ನೀವು ಹೆದರಿಸಬೇಡಿ ಎಂದರು. ಯಾರು ಹೆದರಿಸುತ್ತಿದ್ದೇವೆ ಎಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಹೆದರಿಸುತ್ತಿದ್ದವಳು ನಾನೇ ಇರಬೇಕು. ನಾನು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಒಂದು ಸಲ ಫೇಲಾಗಿದ್ದೆ. ಆ ವರ್ಷ ಪೂರ್ತಿ ನೆಂಟರು ಬಂದಾಗಲೆಲ್ಲ ಹಿತ್ತಲಿಗೆ ಹೋಗಿ ಕೂರುತ್ತಿದ್ದೆ. ಎರಡನೆಯ ಸಲ ಪಾಸಾದ ಕೂಡಲೇ ಗಂಡು ನೋಡಿದರು. ಅದು ಮಗಳಿಗೆ ಬರಬಾರದು ಎಂದು ಒಂದೇ ಹಟ ಹಿಡಿದಿದ್ದೆ. ಬೆಳಗ್ಗೆ ಐದಕ್ಕೆ ಮೇಷ್ಟ್ರು ಮನೆಮನೆಗೂ ಫೋನ್ ಮಾಡಿ ಮಕ್ಕಳು ಎದ್ದಿದ್ದಾರಾ ಎಂದು ಕೇಳುತ್ತಿದ್ದರು. ಫೋನು ಬರುವ ಮೊದಲೇ ನಾನು ಅವಳ ಹೊದಿಕೆ ಎಳೆಯುತ್ತಿದ್ದೆ.

"ಇನ್ನೊಂದ್ ಗಳಿಗೆ ಮಲಗ್ಲಿ ಬುಡೆ" ಎನ್ನುತ್ತಿದ್ದರು ಮನೆಯವರು.

"ಎದ್ದಿಲ್ಲ ಅಂತ ಮೇಷ್ಟ್ರಿಗೆ ಯೋಳಕ್ಕೆ ನಂಗೆ ನಾಚ್ಕೆ."

"ನಾನ್ ಎದ್ದಿವ್ನಿ ಅಂತ ಯೋಳು. ಮನೇಲಿ ಯಾರೋ ಒಬ್ರು ಎದ್ದಿದ್ರೆ ಆಯ್ತಲ್ಲ."

ಅವರ ರೀತಿಯೇ ಬೇರೆ. ಹಾಲು ಕರೆಯುವಾಗ ಮಗಳು ಕೊಟ್ಟಿಗೆಯಲ್ಲಿ ನಿಂತು ಉತ್ತರ ಒಪ್ಪಿಸುತ್ತಿದ್ದಳು. ಕರೆದಾದ ಮೇಲೆ ಅವರು ಕೈ ಒರೆಸಿಕೊಂಡು ಪುಸ್ತಕ ಹಿಡಿದುಕೊಳ್ಳುತ್ತಿದ್ದರು. ಅದರಲ್ಲಿರುವುದು ಅವರಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಮಗಳು ಹೇಳಿ ಮುಗಿಸಿ "ಸರಿ ಅದಾ ಅಪ್ಪ?" ಎಂದರೆ, "ತಡವರಿಸ್ದಂಗೆ ಯೋಳ್ದಲ್ಲ, ಸರೀನೇ ಇರ್ತದೆ" ಎನ್ನುತ್ತಿದ್ದರು. ನಾನು ಪುಸ್ತಕ ಹಿಡಿದರೆ ತಪ್ಪು ಸಿಗುತ್ತಿತ್ತು.

ಅಂಗೈ ಬೆವರಿಗೂ ಅವರೇ ಒಂದು ಔಷಧಿ ಹೇಳಿದರು. "ಗುದ್ಲಿ ಹಿಡ್ದಾಗ ನಂಗೂ ಬೆವರ್ತದೆ ಮಗ. ಒಂದ್ ಚಿಟ್ಕೆ ಮಣ್ಣು ಉಜ್ಕಂಡ್ರೆ ಕಾವು ಜಾರಲ್ಲ." ಮಗಳು ಅದನ್ನು ನಂಬಿ ಗದ್ದೆ ಬದಿಯ ಕೆಮ್ಮಣ್ಣನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ಸಮಾಜದ ಟೆಸ್ಟಿನಲ್ಲಿ ಕೈಗೆ ಉಜ್ಜಿಕೊಂಡು ಬರೆದಳು. ಮಾರನೆಯ ದಿನ ಶಾಲೆಯಿಂದ ಕರೆ ಬಂತು. ಇಬ್ಬರೂ ಹೋದೆವು. ಸಮಾಜದ ಮೇಡಂ ಉತ್ತರಪತ್ರಿಕೆಯನ್ನು ಎರಡು ಬೆರಳಿನಲ್ಲಿ ಎತ್ತಿ ತೋರಿಸಿದರು.

"ಇದೇನ್ರೀ ಇದು, ಉತ್ತರಪತ್ರಿಕೆನೋ ನಾಟಿ ಗದ್ದೆನೋ?"

"ಪೈರು ಯಂಗ್ ಬಂದದೆ ನೋಡಿ ಮೇಡಂ" ಎಂದರು ಇವರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ಮಾತ್ರ ನಕ್ಕುಬಿಟ್ಟರು. ಮಣ್ಣಿನ ಬದಲು ಸೀಮೆಸುಣ್ಣದ ಪುಡಿ ಹಚ್ಚಿಕೊಳ್ಳಲಿ ಎಂದು ಒಂದು ಚೂರು ಸೀಮೆಸುಣ್ಣ ಕೊಟ್ಟು ಕಳಿಸಿದರು. ಅದರಿಂದ ಸ್ವಲ್ಪ ಅನುಕೂಲವಾಯಿತು. ಆದರೆ ಅಂಕ ಏರಲಿಲ್ಲ.

ಶನಿವಾರದ ಟೆಸ್ಟಿನ ಅಂಕಗಳು ಪೋಷಕರ ಫೋನಿಗೆ ಬರುತ್ತಿದ್ದವು. ಒಂದು ಶನಿವಾರ ಅದನ್ನು ನೋಡಿ ನನ್ನ ಬಾಯಿ ತಪ್ಪಿತು. "ಇಂಗೇ ಆದ್ರೆ ನಿಮ್ಮಪ್ಪನಂಗೆ ಕಬ್ಬು ಕಡೀತಾ ಕೂತ್ಕೊ" ಎಂದೆ. ಅವರು ಬಾಗಿಲಲ್ಲಿ ನಿಂತು ಕಾಲು ತೊಳೆಯುತ್ತಿದ್ದರು. ನಾನು ನೋಡಿರಲಿಲ್ಲ. ಒಳಗೆ ಬಂದು, "ಕಬ್ಬು ಕಡಿಯೋನು ನಿಂತೇ ಇರ್ತಾನೆ ಕಣೆ. ಕೂತ್ಕಳಕ್ಕೆಲ್ಲಾಯ್ತದೆ" ಎಂದರು ಅಷ್ಟೇ. ಮಗಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಅದರ ಮುಂದಿನ ಶುಕ್ರವಾರ ಅವರು ಒಗೆದ ಅಂಗಿ ಹಾಕಿಕೊಂಡು ಪಾಂಡವಪುರದ ಬಸ್ಸು ಹತ್ತಿದರು.

ಅವರ ಮನೆದೇವರು ಪಾಂಡವಪುರದ ಆಚೆ ಒಂದು ಹಳ್ಳಿಯಲ್ಲಿರುವ ಅಮ್ಮ. ಅಲ್ಲಿ ಹೂವು ಕೇಳುವ ಪದ್ಧತಿ ಇದೆ. ಪೂಜಾರಿ ಅಮ್ಮನ ಕಲ್ಲಿನ ಮೈಗೆ ನೀರು ಸವರಿ ಎರಡೂ ಕಡೆಗೆ ಹೂವು ಅಂಟಿಸುತ್ತಾರೆ. ಕೇಳುವವರು ಎದುರಿಗೆ ಕೂತು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯ ಹೂವು ಬಿದ್ದರೆ ಆಗುತ್ತದೆ ಎಂದು, ಎಡಗಡೆಯದು ಬಿದ್ದರೆ ಇಲ್ಲ ಎಂದು ಲೆಕ್ಕ. ಬಿದ್ದ ಹೂವನ್ನು ಮನೆಗೆ ತರಬಹುದು. ಒಂದು ಮನೆಯವರು ವರ್ಷಕ್ಕೆ ಒಂದೇ ಮಾತು ಕೇಳಬೇಕು. ಅದಕ್ಕೇ ಜನ ಯೋಚನೆ ಮಾಡಿ ಹೋಗುತ್ತಾರೆ: ಮಗಳಿಗೆ ಗಂಡು ಗೊತ್ತು ಮಾಡುವಾಗ, ಬೋರ್‌ವೆಲ್ ಕೊರೆಸುವಾಗ, ದೊಡ್ಡ ಆಪರೇಷನ್ನಿಗೆ ಮುಂಚೆ. ಪರೀಕ್ಷೆಗೆ ಹೂವು ಕೇಳಿದವರನ್ನು ನಾನು ಕಂಡಿರಲಿಲ್ಲ. ಆ ಗುಡಿಗೆ ನಾನು ಹೋಗಿದ್ದದ್ದೂ ಎರಡೇ ಸಲ, ಮದುವೆಯಾದಾಗ ಮತ್ತು ಮಗಳ ಮುಡಿ ಕೊಟ್ಟಾಗ.

ಸಂಜೆ ವಾಪಸ್ ಬಂದವರು ಜೇಬಿನಿಂದ ಕೆಂಪು ಕಣಗಿಲೆ ಹೂವು ತೆಗೆದು ಮಗಳ ಅಂಗೈಯಲ್ಲಿಟ್ಟರು.

"ಬಲಗಡೆ ಕೊಟ್ಬುಟ್ಲು ಕಣ್ ಮಗ. ಇನ್ನೂ ಸರಿಯಾಗ್ ಕೂತೂ ಇರ್ಲಿಲ್ಲ, ಉದುರುಸ್ಬುಟ್ಲು."

"ಏನಂತ ಕೇಳ್ದೆ ಅಪ್ಪ?"

"ಇನ್ನೇನ್ ಕೇಳ್ಲಿ. ನನ್ ಮಗಳು ಪಾಸಾಯ್ತಾಳಾ ಅಂದೆ."

ಅವಳು ಹೂವನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟುಕೊಂಡಳು. ಕೈ ಬೆವರುವುದು ನಿಲ್ಲಲಿಲ್ಲ. ಆದರೆ ಪ್ರಿಪರೇಟರಿ ಪರೀಕ್ಷೆಯಲ್ಲಿ ಮೊದಲ ಸಲ ಕೊನೆಯ ಪುಟದವರೆಗೂ ಬರೆದು ಬಂದಳು. ರಾತ್ರಿ ಊಟಕ್ಕೆ ಎರಡನೆಯ ಮುದ್ದೆ ಕೇಳಿದಳು. ನಾನು ಮನಸ್ಸಿನಲ್ಲೇ ಪಾಂಡವಪುರದ ಕಡೆಗೆ ಕೈ ಮುಗಿದೆ.

ಸಂಕ್ರಾಂತಿ ಕಳೆದು ವಾರವಾಗಿತ್ತು. ನಮ್ಮ ಕಬ್ಬಿಗೆ ಕಟಾವು ಬಂದಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಅವರು ಕಬ್ಬಿನ ಗದ್ದೆಯಲ್ಲಿ ಎದೆ ಹಿಡಿದುಕೊಂಡು ಕೂತರು. ನಿಂತೇ ಇರುತ್ತಾನೆ ಎಂದವರು ಕೂತರು. ಆಸ್ಪತ್ರೆ ತಲುಪುವುದರೊಳಗೆ ಹೋಗಿಬಿಟ್ಟಿದ್ದರು. ದೀಪಾವಳಿಯಿಂದಲೇ ಎದೆ ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದರಂತೆ. ಅದನ್ನು ಜೊತೆಯಲ್ಲಿ ಕಬ್ಬು ಕಡಿಯುತ್ತಿದ್ದವರಿಗೆ ಹೇಳಿದ್ದರು, ನನಗೆ ಹೇಳಿರಲಿಲ್ಲ. ನೆಂಟರು ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬೂದಿ ಬಿಟ್ಟು ಬಂದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಕೆ.ಆರ್. ಪೇಟೆಯಿಂದ ನನ್ನ ನಾದಿನಿ, ಅಂದರೆ ಅವರ ತಂಗಿ, ಬಂದಿದ್ದಳು. ಒಳ್ಳೆಯ ಹೆಂಗಸು. ಅಣ್ಣ ಎಂದರೆ ಜೀವ. ಎಲೆ ಎತ್ತಿದ ಮೇಲೆ ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು ಅತ್ತಳು.

"ದೀಪಾವಳಿಯಿಂದ ನೋವಿತ್ತಂತಲ್ಲ ಅತ್ಗೆ. ನೋವ ಇಟ್ಕಂಡೇ ಅಮ್ಮನ್ ಎದ್ರು ಕೂತಿದ್ನಲ್ಲ. ತನ್ ಜೀವುಕ್ಕೆ ಕೇಳ್ಕಬಾರ್ದಾಗಿತ್ತಾ? ಮನೇಗಿದ್ದ ಒಂದ್ ಮಾತ್ನ ಮಗಳ್ ಪರೀಕ್ಸೆಗೆ ಹಾಕ್ಬುಟ್ಟ."

ಹಿತ್ತಲ ಬಾಗಿಲಲ್ಲಿ ಮಗಳು ಪಾತ್ರೆ ತೊಳೆಯುತ್ತಿದ್ದಳು. ನೀರಿನ ಸದ್ದು ನಿಂತಿತು. ನಂತರ ಮತ್ತೆ ಶುರುವಾಯಿತು. ಅವಳು ಕೇಳಿಸಿಕೊಂಡಳು ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಅದಾದ ಮೇಲೆ ಅವಳು ಪುಸ್ತಕ ಮುಟ್ಟಲಿಲ್ಲ. ದುಃಖ, ಇರಲಿ ಎಂದು ಸುಮ್ಮನಿದ್ದೆ. ಫೆಬ್ರವರಿ ಕಳೆಯಿತು. ಹಾಲ್ ಟಿಕೆಟ್ ಬಂತು. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ, "ನಾನ್ ಬರೆಯಲ್ಲ ಅಮ್ಮ" ಎಂದಳು. ಮೇಡಂ ಮನೆಗೆ ಬಂದು ಕೂತರು. ಈಗ ಆಗದಿದ್ದರೆ ಎರಡನೆಯ ಪರೀಕ್ಷೆ ಇದೆ, ಅದನ್ನಾದರೂ ಬರೆ ಎಂದರು. ಅದನ್ನೂ ಬರೆಯುವುದಿಲ್ಲ ಎಂದಳು. ನಾನು ಬೈದೆ. ಅತ್ತುಬಿಟ್ಟೆ. ಒಂದು ದಿನ ಊಟ ಬಿಟ್ಟೆ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ನನಗೆ ತಿಳಿಯಲಿಲ್ಲ. ಅವರಿದ್ದಿದ್ದರೆ ನಾನು ಬೈಯುತ್ತಿದ್ದೆ, ಅವರು ಬಿಡಿಸುತ್ತಿದ್ದರು. ಈಗ ಎರಡು ಕೆಲಸವೂ ನನ್ನದೇ ಆಗಿ, ಬೈದ ಬಾಯಲ್ಲೇ ಸಮಾಧಾನ ಮಾಡಲು ಹೋದರೆ ಅವಳು ನಂಬುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೊಟ್ಟಿಗೆಯಲ್ಲಿ ಹಸುವಿಗೆ ಮೇವು ಹಾಕುತ್ತಾ ಅವಳೇ ಬಾಯಿಬಿಟ್ಟಳು.

"ಬರುದ್ರೆ ಪಾಸಾಗ್ಬುಡ್ತೀನಿ ಅಮ್ಮ."

"ಆಗ್ಲಿ ಅಂತಾನೇ ಅಲ್ವಾ ಬಡ್ಕೊಳ್ತಾ ಇರೋದು."

"ಪಾಸಾದ್ರೆ ಹೂವು ನಿಜ ಆಯ್ತದೆ. ಹೂವು ನಿಜ ಆದ್ರೆ, ಅಪ್ಪ ತನ್ ಮಾತ ನಂಗೆ ಕೊಟ್ಟೇ ಸತ್ತ ಅಂತ ಆಯ್ತದೆ. ನಾನ್ ಫೇಲಾದ್ರೆ ಹೂವು ಸುಳ್ಳು. ಆಗ ಅಪ್ಪ ತನ್ ಜೀವ ಕೇಳಿದ್ರೂ ಅಷ್ಟೇ ಇತ್ತು ಅಂತ ಆಯ್ತದೆ."

ನಾನು ಹುಲ್ಲಿನ ಕಂತೆ ಕೈಯಲ್ಲಿ ಹಿಡಿದುಕೊಂಡು ನಿಂತೆ. ಹಾಗಲ್ಲ ಕಣೆ ಎಂದೆ. ಎಷ್ಟು ಸಲ ತಿರುಗಿಸಿ ನೋಡಿದರೂ ಅವಳು ಹೇಳಿದ್ದು ಸರಿಯಾಗಿಯೇ ಕಾಣುತ್ತಿತ್ತು.

ಪರೀಕ್ಷೆಗೆ ಹನ್ನೆರಡು ದಿನ ಉಳಿದಾಗ ನನಗೆ ಒಂದು ಯೋಚನೆ ಹೊಳೆಯಿತು. ಹೂವನ್ನು ಅಮ್ಮನಿಗೇ ವಾಪಸ್ ಕೊಟ್ಟುಬಿಟ್ಟರೆ? ಹೂವು ವಾಪಸ್ಸಾದರೆ ಕೇಳಿದ ಮಾತೂ ವಾಪಸ್ಸಾದ ಹಾಗೆ. ಆಗ ಮಗಳು ಪಾಸಾದರೆ ಅದು ಅವಳದೇ ಪಾಸು, ಯಾರ ಮಾತನ್ನೂ ತಿಂದದ್ದಲ್ಲ. ಈಗ ಬರೆಯುವಾಗ ಇದು ಹುಚ್ಚು ಅನ್ನಿಸುತ್ತದೆ. ಆಗ ಹಾಗನ್ನಿಸಲಿಲ್ಲ. ಮಗಳು ಸ್ನಾನಕ್ಕೆ ಹೋದಾಗ ಬಾಕ್ಸು ತೆಗೆದು, ಹೂವನ್ನು ಕಾಗದದಲ್ಲಿ ಸುತ್ತಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ.

ಸಾವಾದ ಮನೆಯವರು ವರ್ಷ ತುಂಬುವವರೆಗೆ ಆ ಗುಡಿಯೊಳಗೆ ಹೋಗಬಾರದು. ಹೊರಗೆ ಅರಳಿಕಟ್ಟೆಯ ಹತ್ತಿರ ನಿಂತು ಪೂಜಾರಿಯನ್ನು ಕರೆಸಿದೆ. ವಯಸ್ಸಾದವರು. ನನ್ನ ಬೋಳು ಹಣೆ ನೋಡಿ ಯಾರ ಮನೆಯವಳು ಎಂದು ಕೇಳಿದರು. ಹೇಳಿದೆ. ಬಂದ ಕಾರಣವನ್ನೂ ಹೇಳಿ ಕಾಗದ ಬಿಚ್ಚಿ ತೋರಿಸಿದೆ. ಅವರು ಹೂವನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದರು.

"ಇದು ಕಣಗಿಲೆ ಅಲ್ವಾ ತಾಯಿ?"

"ಊಂ. ಕೆಂಪು ಕಣಗಿಲೆ."

"ನಮ್ಮಮ್ಮಂಗೆ ಬಿಳೇ ಸ್ಯಾವಂತ್ಗೆ ಬುಟ್ರೆ ಬ್ಯಾರೆ ಅಂಟ್ಸಲ್ಲ ಕಣವ್ವ. ಇದು ಇಲ್ಲೀದಲ್ಲ."

"ಬಲಗಡೆ ಕೊಟ್ಲು ಅಂದ್ರಲ್ಲ ಅವ್ರು."

"ಯಾರು, ನಿನ್ ಯಜಮಾನ್ನಾ? ನಂಗೆ ಚೆಂದಾಗ್ ಗ್ಯಾಪ್ಕ ಅದೆ. ಎರಡ್ ತಾಸು ಕೂತಿದ್ದ. ಬೀಳ್ಲೇ ಇಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಇನ್ನೊಂದ್ ಶುಕ್ರವಾರ ಬಾರಪ್ಪ ಅಂದೆ. ಕಬ್ಬಿನ್ ಕೆಲ್ಸ ಅದೆ ಅಂದ, ಎದ್ದೋದ. ಹೂವು ಬೀಳ್ದಿದ್ರೆ ಕೇಳ್ದಂಗಲ್ಲ ತಾಯಿ. ನಿಮ್ಮನೆ ಮಾತು ಅಂಗೇ ಅದೆ."

"ಏನ್ ಕೇಳ್ಕಂಡ್ರು ಪೂಜಾರಪ್ಪ?"

"ಮನಸ್ನಲ್ ಕೇಳೋದು, ನಂಗೆಂಗ್ ಗೊತ್ತಾಯ್ತದೆ." ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಹೊರಟವರು ನಿಂತು, "ಕಣ್ಣು ಮುಚ್ಕಂಡೇ ಇದ್ದ. ನಡುವ್ಲಲ್ಲಿ ಒಂದ್ಸಲ ನಕ್ಕ. ನಿದ್ದೆ ಗಿದ್ದೆ ಬಂದ್ಬುಡ್ತೇನೋ ಅಂದ್ಕಂಡೆ" ಎಂದರು.

ಬಸ್ಸಿನಲ್ಲಿ ನನಗೆ ಮೊದಲು ಸಿಟ್ಟು ಬಂತು. ಹದಿನೇಳು ವರ್ಷ ಜೊತೆಯಲ್ಲಿದ್ದವರು ಎದೆನೋವನ್ನು ಮುಚ್ಚಿಟ್ಟರು, ಹೂವನ್ನೂ ಸುಳ್ಳು ಮಾಡಿದರು. ಆಮೇಲೆ, ಅಂದು ನಾನು ಅವರ ಮುಖ ಸರಿಯಾಗಿ ನೋಡಿದ್ದರೆ ಎರಡೂ ತಿಳಿಯುತ್ತಿತ್ತೇನೋ ಅನ್ನಿಸಿತು. ಮಗಳಿಗೆ ಹೇಳಬೇಕೋ ಬೇಡವೋ? ಹೇಳಿದರೆ ಅವಳ ಮೇಲಿನ ಭಾರ ಇಳಿಯುತ್ತದೆ. ಆದರೆ ಅವಳು ಕೊನೆಯ ಪುಟದವರೆಗೆ ಬರೆದದ್ದು ಈ ಹೂವನ್ನು ನಂಬಿಕೊಂಡು. ಒಂದನ್ನು ತೆಗೆದರೆ ಇನ್ನೊಂದೂ ಕಿತ್ತುಬರುತ್ತಿತ್ತು.

ಕಿರಂಗೂರಿನಲ್ಲಿ ಇಳಿದೆ. ದೊಡ್ಡ ರಸ್ತೆಯ ಬದಿಯ ಬೇಲಿಯಾಚೆ, ನಡುವಿನ ಪಟ್ಟಿಯುದ್ದಕ್ಕೂ ಗಿಡಗಳು ಹೂ ಬಿಟ್ಟಿದ್ದವು. ದಿನಾ ನೋಡುವ ಗಿಡಗಳೇ. ಎಲ್ಲ ಕೆಂಪು ಕಣಗಿಲೆ. ಕೈಯಲ್ಲಿದ್ದ ಕಾಗದದ ಪೊಟ್ಟಣ ನೋಡಿದೆ, ಗಿಡಗಳನ್ನು ನೋಡಿದೆ. ಎಷ್ಟು ಹೊತ್ತು ನಿಂತಿದ್ದೆನೋ. ಆಟೋದವನೊಬ್ಬ ಎಲ್ಲಿಗೆ ಹೋಗಬೇಕು ಎಂದು ಎರಡು ಸಲ ಕೇಳಿದ.

ಮನೆಗೆ ಬಂದಾಗ ಜಾಮಿಟ್ರಿ ಬಾಕ್ಸು ನೆಲದ ಮೇಲೆ ಬೋರಲಾಗಿತ್ತು. ಮಗಳು ಅದರ ಪಕ್ಕ ಕೂತಿದ್ದಳು.

"ಹೂವೆಲ್ಲಿ?"

ಪೊಟ್ಟಣ ಕೊಟ್ಟೆ. ಯೋಚನೆ ಮಾಡಲು ನನಗೆ ಸಮಯ ಉಳಿಯಲಿಲ್ಲ. "ಅದು ಅಮ್ಮನ್ ಹೂವಲ್ಲ ಕಣೆ" ಎಂದು ಶುರುಮಾಡಿ, ಬಿಳಿ ಸೇವಂತಿಗೆ, ಎರಡು ತಾಸು, ಬೀಳದ ಹೂವು, ರಸ್ತೆ ನಡುವಿನ ಗಿಡ, ಎಲ್ಲ ಹೇಳಿದೆ. ಮನೆಯ ಮಾತು ಹಾಗೇ ಇದೆಯಂತೆ, ನಿನಗೆ ಖರ್ಚಾಗಿಲ್ಲ ಎಂದೆ. ಅವಳು ಹೂವನ್ನು ನೋಡುತ್ತಾ ಕೂತಿದ್ದಳು.

"ಮೂಗು ಕೆರ್ಕಂಡ" ಎಂದಳು ಆಮೇಲೆ.

"ಯಾರು?"

"ಅಪ್ಪ. ಉದುರುಸ್ಬುಟ್ಲು ಅನ್ನುವಾಗ. ಸುಳ್ ಯೋಳ್ವಾಗೆಲ್ಲ ಕೆರ್ಕಳ್ತಿದ್ದ. ಸೊಳ್ಳೆ ಇರ್ಬೇಕು ಅಂದ್ಕಂಡೆ ನಾನು."

ಹೂವನ್ನು ಮತ್ತೆ ಕಾಗದದ ಮೇಲಿಟ್ಟು, "ಅಂಗಾರೆ ಪ್ರಿಪರೇಟರೀಲಿ ಬರುದ್ನಲ್ಲ, ಅದು?" ಎಂದಳು.

"ನೀನೇ ಬರ್ದಿದ್ದು."

"ಹೂವಿಲ್ದೇನಾ?"

"ಹೂವಿಲ್ದೇನೆ."

ಇದರಿಂದ ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು. ಅಪ್ಪ ಸುಳ್ಳು ಹೇಳಿದ, ನೀನು ಕದ್ದೆ, ನಿಮ್ಮಿಬ್ಬರನ್ನೂ ನಂಬುವ ಹಾಗಿಲ್ಲ ಎಂದಳು. ಎರಡು ದಿನ ನನ್ನ ಜೊತೆ ಮಾತಿಲ್ಲ. ಹೇಳಿದ್ದು ತಪ್ಪಾಯಿತು ಎಂದು ನಾನು ಕೈ ಕೈ ಹಿಸುಕಿಕೊಂಡೆ. ಮೂರನೆಯ ದಿನ ಬೆಳಗ್ಗೆ ಕೊಟ್ಟಿಗೆಯಿಂದ ಗಟ್ಟಿಯಾಗಿ ಉತ್ತರ ಒಪ್ಪಿಸುವ ಸದ್ದು ಕೇಳಿತು. ಹೋಗಿ ನೋಡಿದರೆ ಪುಸ್ತಕವನ್ನು ಗೋದಲಿಯ ಅಂಚಿಗೆ ಒರಗಿಸಿ ಹಸುವಿನ ಮುಂದೆ ನಿಂತಿದ್ದಳು. ನಾನು ಪುಸ್ತಕ ಹಿಡಿದುಕೊಳ್ಳಲು ಹೋದೆ.

"ನೀನ್ ಬ್ಯಾಡ. ನೀನ್ ತಪ್ ಹುಡುಕ್ತೀಯ."

ಸಿಟ್ಟು ಹೋಗಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಸುಮ್ಮನೆ ಬಾಗಿಲಲ್ಲಿ ನಿಂತು ಕೇಳಿದೆ. ಎರಡು ಕಡೆ ತಪ್ಪಿದಳು. ನಾನು ಬಾಯಿ ಬಿಡಲಿಲ್ಲ. ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ.

ಮೊದಲ ಪರೀಕ್ಷೆಯ ದಿನ ಕಿರಂಗೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಸಮವಸ್ತ್ರ, ಎರಡು ಜಡೆ, ಕರ್ಚೀಫಿನಲ್ಲಿ ಸೀಮೆಸುಣ್ಣದ ಪುಡಿ. ಅವಳು ರಸ್ತೆ ನಡುವಿನ ಗಿಡಗಳನ್ನೇ ನೋಡುತ್ತಿದ್ದಳು.

"ಆ ಬೇಲಿ ಹಾರಿ ಓಗಿರ್ಬೇಕು ಅಮ್ಮ. ಎರಡೂ ಕಡೆ ಲಾರಿ ಬತ್ತಾವೆ, ಇವ್ನು ನಡೂಲಿ ನಿಂತ್ಕಂಡ್ ಹೂ ಕೀಳ್ತಾವ್ನೆ." ಮತ್ತೆ, "ಒಗ್ದಿರೋ ಅಂಗಿ ಬ್ಯಾರೆ" ಎಂದಳು.

ನಕ್ಕಳು. ನಾನೂ ನಕ್ಕೆ. ಅವರು ಹೋದ ಮೇಲೆ ನಾವು ಜೊತೆಯಲ್ಲಿ ನಕ್ಕದ್ದು ಅದೇ ಮೊದಲು. ಎದೆನೋವಿದ್ದವರು ಬೇಲಿ ಹಾರಿದರು ಎಂಬುದು ನನಗೆ ಆಮೇಲೆ ಹೊಳೆಯಿತು. ಅವಳಿಗೂ ಹೊಳೆದಿರಬೇಕು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೆ ತಿರುಗಿ ಕೂತಳು.

ಶ್ರೀರಂಗಪಟ್ಟಣದಲ್ಲಿ ಪರೀಕ್ಷಾ ಕೇಂದ್ರದ ಗೇಟಿನ ಹತ್ತಿರ ಅವಳು ಬಾಕ್ಸು ತೆರೆದು ಹೂವನ್ನು ತೆಗೆದು ನನ್ನ ಕೈಗಿಟ್ಟಳು. "ಇದ ನೀನ್ ಇಟ್ಕೊ. ನಂಗ್ ಬ್ಯಾಡ. ಎಸೀಬ್ಯಾಡ ಮತ್ತೆ" ಎಂದು, ಅಂಗೈಗೆ ಪುಡಿ ಉಜ್ಜಿಕೊಳ್ಳುತ್ತಾ ಒಳಗೆ ಹೋದಳು. ನಾನು ಬೇರೆ ತಾಯಂದಿರ ಜೊತೆ ಕಾಂಪೌಂಡಿನ ನೆರಳಲ್ಲಿ ಕೂತೆ. ಮನೆಯವರ ಬೂದಿ ಬಿಟ್ಟ ಹೊಳೆ ಅಲ್ಲಿಂದ ದೂರವಿಲ್ಲ. ಹೋಗಿಬರೋಣ ಅನ್ನಿಸಿತು. ಗಂಟೆ ಹೊಡೆದಾಗ ಅವಳು ಹೊರಗೆ ಬಂದು ನನ್ನನ್ನು ಹುಡುಕಿದರೆ ಎಂದು ಏಳಲಿಲ್ಲ.

ಎಲ್ಲ ಪತ್ರಿಕೆಗಳನ್ನೂ ಬರೆದಳು. ಫಲಿತಾಂಶ ಇನ್ನೂ ಬಂದಿಲ್ಲ. ಗಣಿತದಲ್ಲಿ ಕೊನೆಯ ಪುಟ ಒದ್ದೆಯಾಯಿತು ಎಂದಳು.

ಮುಂದಿನ ಸಂಕ್ರಾಂತಿ ಕಳೆದರೆ ವರ್ಷ ತುಂಬುತ್ತದೆ. ಆಮೇಲೆ ನಾನು ಹೋಗಿ ಅಮ್ಮನ ಎದುರಿಗೆ ಕೂರಬಹುದು. ಮಗಳ ಕಾಲೇಜಿಗೆ ಕೇಳು ಎನ್ನುತ್ತಾಳೆ ನಾದಿನಿ. ತನ್ನ ಮಾತು ಮಗಳ ಕಿವಿಗೆ ಬಿದ್ದದ್ದು ತಿಳಿದ ಮೇಲೆ ಅವಳೂ ಸ್ವಲ್ಪ ಅಂಜುತ್ತಲೇ ಹೇಳುತ್ತಾಳೆ. ನನಗೆ ಬೇಕಾಗಿರುವುದು ಬೇರೆ. ಆ ಎರಡು ತಾಸು ಅವರು ಏನು ಕೇಳಿಕೊಂಡರು, ಮಗಳಿಗೋ, ತಮಗೋ, ನನಗೋ, ನಡುವೆ ಒಂದು ಸಲ ಯಾಕೆ ನಕ್ಕರು ಎಂಬುದು. ಆದರೆ ಹೂವು ಬಲಕ್ಕೆ ಬೀಳುತ್ತದೆ, ಇಲ್ಲ ಎಡಕ್ಕೆ ಬೀಳುತ್ತದೆ. ಅದಕ್ಕೆ ಅಷ್ಟೇ ಬರುವುದು.